ಎರವಿನ ದನಿ

ತಮ್ಮ ಮುಖವನ್ನು ಕನ್ನಡಿಯಲ್ಲಿ ಕಂಡು ಸಮಾಧಾನಪಡದವರು ವಿರಳ. ತಮ್ಮ ದನಿಯನ್ನು ಯಂತ್ರದಲ್ಲಿ ಮೊದಲ ಸಲ ಕೇಳಿ ಸಮಾಧಾನಪಟ್ಟವರು ಅದಕ್ಕಿಂತಲೂ ವಿರಳ. "ಇದು ನನ್ನ ದನಿಯೇ?" ಎಂದು ಕೇಳದವರೇ ಇಲ್ಲವೆನ್ನಬಹುದು. ಇದಕ್ಕೆ ಕಾರಣವು ಗಹನವಾದುದೇನೂ ಅಲ್ಲ. ಆಡುವವನು ತನ್ನ ಮಾತನ್ನು ಗಾಳಿಯ ಮೂಲಕ ಕೇಳುವುದಲ್ಲದೆ ತನ್ನ ತಲೆಯ ಎಲುಬಿನ ಮೂಲಕವೂ ಕೇಳುತ್ತಿರುತ್ತಾನೆ. ಆ ಎಲುಬು ದನಿಗೆ ಒಂದಿಷ್ಟು ಗಾಂಭೀರ್ಯವನ್ನು ಕೂಡಿಸಿ ಕೊಡುತ್ತದೆ. ಯಂತ್ರವಾದರೋ ಗಾಳಿಯಲ್ಲಿ ಬಂದುದನ್ನು ಮಾತ್ರ ಹಿಡಿಯತಕ್ಕದ್ದು. ಆದಕಾರಣ ಊರೆಲ್ಲವೂ ಬಲ್ಲ ಆ ದನಿಯನ್ನು ಅರಿಯದವನು ಅದರ ಒಡೆಯನೊಬ್ಬನೇ. ದನಿಯಿಂದ ಬದುಕಬೇಕೆಂದು ಹೊರಟವರ ಮೊದಲನೆಯ ಪಾಠ ಈ ಬೆರಗಿನಲ್ಲಿಯೇ ಇರುವುದು. ಯಾವುದನ್ನು ತಮ್ಮ ಬಂಡವಾಳವೆಂದು ಅವರು ಎಣಿಸಿದ್ದರೋ ಅದರ ಪರಿಚಯವೇ ಅವರಿಗೆ ಆಗಿರುವುದಿಲ್ಲ.

ಕಂಠವನ್ನು ಬಾಡಿಗೆಗೆ ಕೊಟ್ಟು ಜೀವಿಸುವುದು ಈ ಕಾಲದ ವಿಚಿತ್ರಗಳಲ್ಲೊಂದೆಂದು ಕೆಲವರಿಗೆ ತೋರಬಹುದು. ಕನ್ನಡನಾಡಿಗೆ ಇದು ತೀರ ಹೊಸದಲ್ಲ. ಊರ ಚಾವಡಿಯಲ್ಲಿ ಕುಳಿತು ಕುಮಾರವ್ಯಾಸನ ಭಾರತವನ್ನು ವಾಚಿಸುತ್ತಿದ್ದ ಗಮಕಿಯು ಮತ್ತೊಬ್ಬನ ಮಾತಿಗೆ ತನ್ನ ಕಂಠವನ್ನು ಎರವು ಕೊಟ್ಟವನೇ ಸರಿ. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಯು ಬಣ್ಣವಿಲ್ಲದೆ, ವೇಷವಿಲ್ಲದೆ, ಕುಳಿತಲ್ಲಿಂದಲೇ ಬರಿಯ ಮಾತಿನಿಂದ ಕರ್ಣನಾಗುತ್ತಾನೆ, ಕೃಷ್ಣನಾಗುತ್ತಾನೆ. ಆದರೆ ಇವರ ಮುಖವು ಕೇಳುವವರ ಎದುರಿಗಿತ್ತು. ಮುಖವನ್ನು ಬಿಟ್ಟು ದನಿಯೊಂದೇ ಮನೆಮನೆಗೆ ಹೋಗತೊಡಗಿದ್ದು ಬಾನುಲಿಯ ಕಾಲದಲ್ಲಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ನಡೆಸಲು ತೊಡಗಿದರು. ಅದು 'ಆಕಾಶವಾಣಿ' ಎಂಬ ಹೆಸರನ್ನು ಪಡೆಯಿತು. ಮುಂದೆ ಭಾರತದ ಬಾನುಲಿಗೆಲ್ಲ ಆ ಹೆಸರೇ ಸಂದಿತು. ಪುರಾಣಗಳಲ್ಲಿ ಆಕಾಶವಾಣಿಯೆಂದರೆ ಶರೀರವಿಲ್ಲದ ನುಡಿ. ಆಡಿದವರು ಯಾರೆಂದು ಯಾರೂ ಕೇಳರು, ಆಡಿದುದನ್ನು ಎಲ್ಲರೂ ನಂಬುವರು. ಈ ವೃತ್ತಿಯ ಗೌರವ, ಈ ವೃತ್ತಿಯ ದುಃಖ, ಎರಡೂ ಆ ಹೆಸರಿನಲ್ಲಿ ಅಡಗಿವೆ.

ಕಾಲ ಕಳೆದಂತೆ ಒಂದೊಂದೇ ಬಾಗಿಲು ತೆರೆಯಿತು. 1967ರ ನವೆಂಬರಿನಲ್ಲಿ ವಿವಿಧಭಾರತಿಯು ಜಾಹೀರಾತುಗಳನ್ನು ಪ್ರಸಾರಮಾಡತೊಡಗಿದ ಮೇಲೆ ಅಂಗಡಿಯ ಸರಕಿಗೂ ಒಂದು ದನಿ ಬೇಕಾಯಿತು. 1969ರಲ್ಲಿ ಮೃಣಾಲ್ ಸೇನ್ ಅವರ 'ಭುವನ್ ಶೋಮ್' ಚಿತ್ರದಲ್ಲಿ ಕಥೆಯ ನಿರೂಪಣೆಗೆ ದನಿಯನ್ನು ಕೊಟ್ಟ ತರುಣನು ಮುಂದೆ ಅಮಿತಾಭ್ ಬಚ್ಚನ್ ಎಂದು ದೇಶಕ್ಕೆಲ್ಲ ಪರಿಚಿತನಾದನು. 2001ರಲ್ಲಿ ದೇಶದ ಮೊದಲನೆಯ ಖಾಸಗಿ ಎಫ್.ಎಂ. ಬಾನುಲಿ ಬೆಂಗಳೂರಿನಲ್ಲಿಯೇ ಮೊದಲಾಯಿತು. ಕನ್ನಡದಲ್ಲಿ ಒಂದು ಬಾಗಿಲು ಮಾತ್ರ ಬಹುಕಾಲ ಮುಚ್ಚಿತ್ತು. 1960ರ ದಶಕದಲ್ಲಿ, ಎಳೆಯದಾಗಿದ್ದ ಕನ್ನಡ ಚಿತ್ರೋದ್ಯಮವು ಅನ್ಯಭಾಷೆಯ ದೊಡ್ಡ ಚಿತ್ರಗಳ ನೆರಳಿನಲ್ಲಿ ಬಾಡಿಹೋದೀತೆಂಬ ಆತಂಕದಿಂದ, ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಕೂಡಿಸಬಾರದೆಂಬ ಚಳವಳಿ ನಡೆದು, ಅದೇ ಕಟ್ಟಳೆಯಾಗಿ ನಿಂತಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯನ್ನು ಒಪ್ಪಲಿಲ್ಲ. 2017ರಿಂದ ಡಬ್ಬಿಂಗಾದ ಚಿತ್ರಗಳು ಮತ್ತೆ ಚಿತ್ರಮಂದಿರಕ್ಕೆ ಬಂದವು. 2020ರಲ್ಲಿ ಮನೆಯೇ ಸೆರೆಮನೆಯಾಗಿದ್ದ ದಿನಗಳಲ್ಲಿ ಹಿಂದಿಯ ಮಹಾಭಾರತವು ಕನ್ನಡದ ಮಾತಿನಲ್ಲಿ ಕಿರುತೆರೆಗೆ ಬಂದಿತು. ಅದುವರೆಗೆ ಬೆರಳೆಣಿಕೆಯಷ್ಟು ಮಂದಿಯ ಹವ್ಯಾಸದಂತಿದ್ದುದು ಹಲವರಿಗೆ ಜೀವನೋಪಾಯವಾಗುವಂತೆ ಕಂಡಿತು.

ಈ ಬಾಗಿಲುಗಳ ಮುಂದೆ ಬಂದು ನಿಂತವರಲ್ಲಿ ಮಂಡ್ಯದ ಸೀಮೆಯ ಹಳ್ಳಿಯೊಂದರ ತರುಣಿಯೂ ಒಬ್ಬಳು. ಅವಳ ಹೆಸರನ್ನು ಹೇಳುವ ಅಗತ್ಯವಿಲ್ಲ. ಆ ವೃತ್ತಿಯಲ್ಲಿ ಹೆಸರು ಯಾರಿಗೂ ಬೇಕಾಗಿಯೂ ಇಲ್ಲ. ಹಗಲು ಬೆಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಕಾಲೇಜಿನ ಸಮಾರಂಭಗಳಲ್ಲಿ ಅತಿಥಿಗಳನ್ನು ಪರಿಚಯಮಾಡಿಕೊಡುವ ಕೆಲಸ ಅವಳದಾಗಿತ್ತು. ಅಂದಿನಿಂದ "ನಿನ್ನ ಕಂಠ ಬಹಳ ಚೆನ್ನಾಗಿದೆ" ಎಂಬ ಮಾತನ್ನು ಅವಳು ಎಷ್ಟೋ ಬಾಯಿಂದ ಕೇಳಿದ್ದಳು. ಈ ಒಂದು ವಾಕ್ಯದಷ್ಟು ಜನರನ್ನು ಈ ದಾರಿಗೆ ಎಳೆದುದೂ ಇಲ್ಲ, ಈ ದಾರಿಯಲ್ಲಿ ಅಷ್ಟು ಜನರನ್ನು ಕೈಬಿಟ್ಟುದೂ ಇಲ್ಲ.

ಮೊದಲು ಹೋದ ಸ್ಟುಡಿಯೋದಲ್ಲಿ ಅವಳ ಕಂಠವನ್ನು ಯಾರೂ ವಿಚಾರಿಸಲಿಲ್ಲ. ಒಂದು ನಿಮಿಷದ ಮಾದರಿಯನ್ನು ಧ್ವನಿಮುದ್ರಿಸಿ ಕಳುಹಿಸಬೇಕೆಂದು ಹೇಳಿದರು. ಅವಳು ಬಾಡಿಗೆಗೆ ಹಿಡಿದಿದ್ದ ಕೋಣೆಯ ಗೋಡೆಗಳು ಬೋಳಾಗಿದ್ದುವು. ಅಲ್ಲಿ ಆಡಿದ ಮಾತು ಬಾವಿಯೊಳಗೆ ಆಡಿದ ಮಾತಿನಂತೆ ಮರಳಿ ಬರುತ್ತಿತ್ತು. ಬಟ್ಟೆಯ ಬೀರುವಿನ ಬಾಗಿಲನ್ನು ತೆರೆದು, ಎರಡು ಕಡೆಯೂ ಕೌದಿಗಳನ್ನು ಇಳಿಬಿಟ್ಟು, ತೂಗುಹಾಕಿದ ಸೀರೆಗಳ ಕಡೆಗೆ ಮುಖಮಾಡಿ ಓದಬೇಕೆಂಬುದನ್ನು ಅವಳು ಕಲಿತಳು. ದಪ್ಪ ಬಟ್ಟೆಯು ದನಿಯನ್ನು ಹೀರಿಕೊಳ್ಳುತ್ತದೆ, ಮರಳಿಸುವುದಿಲ್ಲ. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇರಬೇಕು. ನೇರವಾಗಿದ್ದರೆ ಪಕಾರ ಬಕಾರಗಳು ಅದರ ಮೇಲೆ ಸಿಡಿಯುತ್ತವೆ, ಸಕಾರವು ಸೀಟಿಯಾಗುತ್ತದೆ. ಬಾಯಿ ಒಣಗಿದರೆ ನಾಲಗೆಯ ಚಿಟಪಟ ಕೇಳುತ್ತದೆ. ಅದಕ್ಕೆ ಆಗಾಗ ಒಂದು ಗುಟುಕು ನೀರು, ಕೆಲವರಿಗೆ ಸೇಬಿನ ಒಂದು ಹೋಳು. ಫ್ಯಾನು ನಿಲ್ಲಬೇಕು. ಪಕ್ಕದ ಮನೆಯ ಕುಕ್ಕರು ಕೂಗುವವರೆಗೆ, ಬೀದಿಯ ನಾಯಿಗಳು ಸುಮ್ಮನಾಗುವವರೆಗೆ ಕಾಯಬೇಕು. ಹೀಗೆ ಚೈತ್ರಮಾಸದ ಸೆಕೆಯಲ್ಲಿ ರಾತ್ರಿ ಹನ್ನೊಂದು ಗಂಟೆಯ ಮೇಲೆ ಕೌದಿಗಳ ನಡುವೆ ಬೆವರುತ್ತ ಅವಳು ತಂಪು ಪಾನೀಯವೊಂದರ ಪ್ರಶಂಸೆಯನ್ನು ಹದಿನೇಳು ಸಲ ಓದಿದಳು. ಒಂದು ಸೆಕೆಂಡಿನ ದನಿಯನ್ನು ಯಂತ್ರವು 48,000 ಸಲ ಅಳೆದು ಬರೆದುಕೊಳ್ಳುತ್ತದೆ. ಅಂತಹ ಕಿವಿಯಿಂದ ಮರೆಮಾಡುವುದು ಏನಿದ್ದೀತು?

ಉತ್ತರವು ಎರಡೇ ಮಾತಿನಲ್ಲಿ ಬಂದಿತು: "ಹಕಾರ ಸರಿಯಿಲ್ಲ."

ಅವಳ ಸೀಮೆಯಲ್ಲಿ ಹಾಲು 'ಆಲು' ಆಗುತ್ತದೆ, ಹಸುವು 'ಅಸ' ಆಗುತ್ತದೆ. ಶಾಲೆಯಲ್ಲಿ ಕಲಿತವರ ಬಾಯಿಂದಲೂ ಅವಸರದಲ್ಲಿ ಹಕಾರ ಜಾರುವುದುಂಟು. ಸರಿಪಡಿಸಿಕೊಳ್ಳುವ ಆತುರದಲ್ಲಿ ಅದು ಬೇಡದ ಕಡೆ ಬಂದು ಕೂರುವುದೂ ಉಂಟು. ಆಗ ಅಕ್ಕಿಯು ಹಕ್ಕಿಯಾಗಿ ಹಾರಿಹೋಗುತ್ತದೆ. ಬೇರೆ ಸೀಮೆಯವರಿಗೆ ಬೇರೆ ತೊಡಕು: ಳಕಾರ ತಪ್ಪಿದರೆ ಹಳ್ಳಿಯು ಹಲ್ಲಿಯಾಗುತ್ತದೆ, ಬಳೆಯು ಬಲೆಯಾಗುತ್ತದೆ. ತನ್ನ ಮಾತಿನಲ್ಲಿ ಇಂಥದೊಂದು ಇದೆಯೆಂಬುದು ಅವಳಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಯಂತ್ರವು ಅವಳ ದನಿಯನ್ನು ಮಾತ್ರವಲ್ಲದೆ ಅವಳ ಊರನ್ನೂ ಹಿಡಿದುಬಿಟ್ಟಿತ್ತು.

ಬಾನುಲಿ ನಾಟಕಗಳಲ್ಲಿ ಬಹುಕಾಲ ಪಾತ್ರ ವಹಿಸಿ, ಆಕಾಶವಾಣಿಯು ನಾಟಕ ಕಲಾವಿದರಿಗೆ ಕೊಡುವ ಶ್ರೇಣಿಗಳನ್ನು ಒಂದೊಂದಾಗಿ ಏರಿದ್ದ ವೃದ್ಧರೊಬ್ಬರ ಬಳಿಗೆ ಅವಳು ಭಾನುವಾರಗಳಲ್ಲಿ ಹೋಗತೊಡಗಿದಳು. ಅವರನ್ನು ಎಲ್ಲರೂ ಮೇಷ್ಟ್ರೆಂದೇ ಕರೆಯುತ್ತಿದ್ದರು. ಮೂರು ವಾರ ಅವರು ಅವಳ ಬಾಯನ್ನು ತೆರೆಯಗೊಡಲಿಲ್ಲ. ತಾವು ವೃತ್ತಪತ್ರಿಕೆಯನ್ನು ಓದಿ, "ಉಸಿರು ಎಲ್ಲಿ ತೆಗೆದುಕೊಂಡೆ, ಹೇಳಮ್ಮ" ಎಂದು ಕೇಳುತ್ತಿದ್ದರು. ಅವಳಿಗೆ ಮೊದಮೊದಲು ಅದು ಹುಡುಗಾಟವಾಗಿ ಕಂಡಿತು. ಒಂದು ದಿನ ಅವರು ಒಂದು ವಾಕ್ಯವನ್ನು ಬರೆದು ಕೊಟ್ಟರು: ಓಡಿ ಬಂದ ಮಗುವನ್ನು ತಾಯಿ ಎತ್ತಿಕೊಂಡಳು. 'ಓಡಿ ಬಂದ' ಎಂಬುದನ್ನು ಒಂದೇ ಉಸಿರಿನಲ್ಲಿ ನುಡಿದರೆ ಓಡಿದ್ದು ಮಗು. 'ಓಡಿ' ಎಂದು ನಿಂತು ಮುಂದುವರಿದರೆ ಓಡಿದವಳು ತಾಯಿ. ಕಾಗದದಲ್ಲಿ ಇಲ್ಲದ ಅರ್ಥವು ಉಸಿರಿನಲ್ಲಿತ್ತು. ಓದುವವರು ಬಾಯಿಂದ ಓದುವುದಕ್ಕಿಂತ ಮುಂಚೆ ಕಿವಿಯಿಂದ ಓದಬೇಕೆಂಬುದು ಅವಳಿಗೆ ಅಂದು ಹೊಳೆಯಿತು. ಹಕಾರಕ್ಕೆ ಮೇಷ್ಟ್ರು ಹೇಳಿದ ಮದ್ದು ಸರಳವಾದುದು: ಅಂಗೈಯನ್ನು ಬಾಯ ಮುಂದೆ ಹಿಡಿದು ನುಡಿಯುವುದು, ಹಕಾರ ಬಂದಾಗ ಅಂಗೈಗೆ ಬಿಸಿಯುಸಿರು ತಗಲಬೇಕು. ಬಸ್ಸಿನಲ್ಲಿ, ಕಚೇರಿಯ ಮೆಟ್ಟಿಲಿನಲ್ಲಿ, ಅವಳು ಹೀಗೆ ಕೈಹಿಡಿದು ಪಿಸುಗುಟ್ಟುವುದನ್ನು ಕಂಡವರು ಏನೆಂದುಕೊಂಡರೋ.

ಆರು ತಿಂಗಳ ಮೇಲೆ ಮೊದಲನೆಯ ಸಂಪಾದನೆ ಬಂದಿತು. ದೂರವಾಣಿಯಲ್ಲಿ ಕರೆದವರಿಗೆ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದು ಹೇಳುವ ಕೆಲಸ. ಅನಂತರ ಚಿಕ್ಕ ಜಾಹೀರಾತುಗಳು. ಇವುಗಳ ಕನ್ನಡವು ಪ್ರಾಯಶಃ ಇಂಗ್ಲಿಷಿನಿಂದ ಇಳಿದು ಬಂದುದು. ಕನ್ನಡದ ಪದಗಳು ಪ್ರತ್ಯಯಗಳನ್ನು ಹೊತ್ತು ನೀಳವಾಗುವುದರಿಂದ ಅಲ್ಲಿ ಮೂವತ್ತು ಸೆಕೆಂಡಿಗೆ ಹಿಡಿಸಿದ್ದುದು ಇಲ್ಲಿ ನಲವತ್ತಕ್ಕೂ ಹಿಡಿಸದು. ಸೇರಿನ ಪಾತ್ರೆಗೆ ಸೇರೂವರೆ ಹಾಲು ಹೊಯ್ದಂತೆ. ಹೊಸಬರು ಅವಸರವಾಗಿ ಓದಿ ಚೆಲ್ಲುತ್ತಾರೆ. ಅನುಭವ ಬಂದ ಮೇಲೆ, "ಈ ಎರಡು ಪದ ತೆಗೆದರೆ ಅರ್ಥ ಕೆಡುವುದಿಲ್ಲ, ಸರ್" ಎಂದು ಹೇಳುವ ಧೈರ್ಯ ಬರುತ್ತದೆ. ಡಬ್ಬಿಂಗಿನಲ್ಲಿ ಮೊದಲು ಸಿಕ್ಕುವುದು ಗುಂಪಿನ ದನಿ: ಸಂತೆಯ ಗದ್ದಲ, ಮದುವೆಮನೆಯ ನಗೆ. ಅದನ್ನು ದಾಟಿ ಒಂದು ಸಣ್ಣ ಪಾತ್ರ ಬಂದರೆ ತೆರೆಯ ಮೇಲಿನ ತುಟಿ ಮುಚ್ಚಿದಾಗ ಮಾತಿನಲ್ಲಿಯೂ ಪ, ಬ, ಮ ಬೀಳುವಂತೆ ನೋಡಿಕೊಳ್ಳಬೇಕು. ತುಟಿ ಮುಚ್ಚಿದ ಕಡೆ ಅಕಾರ ಬಂದರೆ ಕಣ್ಣಿಗೂ ಕಿವಿಗೂ ಜಗಳ. ಕೂಲಿಯು ಕೆಲವು ಸಲ ಮೂರು ತಿಂಗಳಿಗೆ ಬರುತ್ತಿತ್ತು, ಕೆಲವು ಸಲ ಕೇಳಿದ ಮೇಲೆ ಬರುತ್ತಿತ್ತು. ಕಚೇರಿಯ ಕೆಲಸವನ್ನು ಬಿಡಬಾರದೆಂದು ಮೇಷ್ಟ್ರು ಹೇಳಿದ್ದು ಈ ಕಾರಣದಿಂದಲೇ.

ಆ ವರ್ಷದ ಯುಗಾದಿಗೆ ಅವಳು ಊರಿಗೆ ಹೋದಳು. ಅಜ್ಜಿ ಒಲೆಯ ಮುಂದಿನಿಂದ ಎದ್ದುಬಂದು, "ಆಲು ಕಾಯ್ಸಿವ್ನಿ, ಕುಡಿ ಮಗ" ಎಂದಳು. "ಹಾಲು ಈಗ ಬೇಡ ಅಜ್ಜಿ, ಹೊಟ್ಟೆ ತುಂಬಿದೆ" ಎಂದು ಮೊಮ್ಮಗಳು ಉತ್ತರ ಕೊಟ್ಟಳು. ಪ್ರತಿಯೊಂದು ಅಕ್ಷರವೂ ತನ್ನ ಸ್ಥಾನದಲ್ಲಿತ್ತು. ಮುದುಕಿ ಲೋಟವನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಅವಳ ಮುಖವನ್ನು ನೋಡಿದಳು. "ಅದ್ಯಾಕವ್ವ ನೆಂಟ್ರಂಗೆ ಮಾತಾಡ್ತೀಯೆ?" ಎಂದಳು.

ಆ ಪ್ರಶ್ನೆಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಆದರೆ ಅದು ಅವಳ ಜೊತೆಗೆ ಬೆಂಗಳೂರಿನವರೆಗೆ ಬಂದಿತು. ಶುದ್ಧವಾಗಿ ನುಡಿಯುವುದು ಒಂದು ವಿದ್ಯೆ. ಅದನ್ನು ಕಲಿಯುವುದರಲ್ಲಿ ದೋಷವಿಲ್ಲ. ಹತ್ತು ಸೀಮೆಯವರು ಕೇಳುವ ಮಾತು ಹತ್ತು ಸೀಮೆಯವರಿಗೂ ತಿಳಿಯುವಂತಿರಬೇಕಾದುದು ನ್ಯಾಯವೇ. ಆದರೆ ಕಲಿತ ವಿದ್ಯೆಯು ಮನೆಯವರನ್ನು ಹೊರಗಿನವರನ್ನಾಗಿ ಮಾಡಿದರೆ ಆ ಗಳಿಕೆಯ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ. ಅವಳು ನೋಡಿದಳು. ಅಂದಿನಿಂದ ವಾರಕ್ಕೆ ಎರಡು ಸಲ ಅಜ್ಜಿಗೆ ದೂರವಾಣಿಯಲ್ಲಿ ಮಾತನಾಡುವಾಗ ಅಂಗೈಯನ್ನು ಬಾಯಿಗೆ ಹಿಡಿಯುವ ಅಭ್ಯಾಸವನ್ನು ಬಿಟ್ಟಳು.

ಅದೇ ಮಳೆಗಾಲದಲ್ಲಿ ಅವಳಿಗೆ ಒಳ್ಳೆಯ ಕೂಲಿಯ ಒಂದು ಕೆಲಸ ಬಂದಿತು. ಬಟ್ಟೆ ತೊಳೆಯುವ ಸಾಬೂನಿನ ಜಾಹೀರಾತು. ಅದರಲ್ಲಿ ಇಬ್ಬರು ಹೆಂಗಸರು: ಪಟ್ಟಣದವಳು ಬುದ್ಧಿವಂತೆ, ಹಳ್ಳಿಯವಳು ಏನೂ ತಿಳಿಯದವಳು. ಹಳ್ಳಿಯವಳ ಮಾತು ಇವಳ ಪಾಲಿನದು. ಅವಳು ತನ್ನ ಅಜ್ಜಿ ನುಡಿಯುವಂತೆಯೇ ನುಡಿದಳು. ಗಾಜಿನ ಆ ಕಡೆಯಿಂದ, "ಇನ್ನೂ ಸ್ವಲ್ಪ ಹಳ್ಳಿ ಮಾಡಿ, ಮೇಡಂ" ಎಂದು ಕೇಳಿಬಂದಿತು. ಎರಡನೆಯ ಸಲ ಓದಿದಳು. "ನಗು ಬರ್ತಾ ಇಲ್ಲ" ಎಂದರು. "ಇವರ ಮಾತಿನಲ್ಲಿ ನಗುವಂಥದ್ದು ಏನೂ ಇಲ್ಲ, ಸರ್" ಎಂದು ಅವಳು ಹೇಳಿದಳು. ಆ ಮನುಷ್ಯ ದುಷ್ಟನಲ್ಲ; ಅವನಿಗಿದ್ದುದು ಮೂವತ್ತು ಸೆಕೆಂಡು, ಆ ಮೂವತ್ತರಲ್ಲಿ ಒಂದು ನಗೆಯನ್ನು ತರುತ್ತೇನೆಂದು ಅವನು ಬೇರೆ ಯಾರಿಗೋ ಮಾತು ಕೊಟ್ಟಿದ್ದನು. ಮೂರನೆಯ ಸಲ ಅವಳು ಕಾಗದವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಆ ಪಾತ್ರವನ್ನು ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಮತ್ತೊಬ್ಬಳು ಮಾಡಿದಳು, ಜನ ನಕ್ಕರು. ಇವಳು ಆ ತಿಂಗಳ ಮನೆಯ ಬಾಡಿಗೆಗೆ ಸಾಲ ಮಾಡಿದಳು.

ಈ ವೃತ್ತಿಯಲ್ಲಿ ಹಿಂದೆ ಇಲ್ಲದ ಒಂದು ಪರೀಕ್ಷೆಯೂ ಈಗ ಸೇರಿದೆ. ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರಿನಲ್ಲಿ ಅಕಾಲದಲ್ಲಿ ತೀರಿಕೊಂಡಾಗ 'ಜೇಮ್ಸ್' ಚಿತ್ರಕ್ಕೆ ಅವರ ಮಾತನ್ನು ಕೂಡಿಸುವುದು ಬಾಕಿಯಿತ್ತು. ಅಣ್ಣ ಶಿವರಾಜಕುಮಾರ್ ಅವರು ತಮ್ಮನ ತುಟಿಗೆ ತಮ್ಮ ದನಿಯನ್ನು ಕೊಟ್ಟರು. 2022ರ ಮಾರ್ಚಿಯಲ್ಲಿ ಚಿತ್ರವು ಹಾಗೆಯೇ ಬಂದಿತು. ಮರುತಿಂಗಳು ಯಂತ್ರವಿದ್ಯೆಯ ಸಹಾಯದಿಂದ ಪುನೀತರದೇ ದನಿಯನ್ನು ಕೂಡಿಸಿ ಮತ್ತೆ ತೋರಿಸಿದರು. ಎರಡನ್ನೂ ಕೇಳಿ ಕಣ್ಣೊರೆಸಿಕೊಂಡವರಿದ್ದಾರೆ. ಅಲ್ಲಿ ಯಂತ್ರವನ್ನು ಕರೆದುದು ಪ್ರೀತಿ. ಆದರೆ ಪ್ರೀತಿಯು ಕರೆದಾಗ ಬರುವ ಯಂತ್ರವು ಲಾಭವು ಕರೆದಾಗಲೂ ಬರುತ್ತದೆ. 2024ರ ಜುಲೈಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಗಾಯಕ ಅರಿಜಿತ್ ಸಿಂಗ್ ಅವರ ಮೊರೆಯನ್ನು ಆಲಿಸಿ, ಅವರ ಅನುಮತಿಯಿಲ್ಲದೆ ಯಂತ್ರದಿಂದ ಅವರ ದನಿಯನ್ನು ನಕಲುಮಾಡುವುದನ್ನು ತಡೆಯಿತು. ಪ್ರಸಿದ್ಧರಿಗೆ ನ್ಯಾಯಾಲಯದ ಬಾಗಿಲು ತೆರೆದೀತು. ಹೆಸರೇ ಇಲ್ಲದವರು, ಕದ್ದುದು ತಮ್ಮದೆಂದು ಹೇಗೆ ತೋರಿಸಿಯಾರು?

ಅವಳ ಬಳಿಗೂ ಅಂಥ ಒಂದು ಕರಾರುಪತ್ರ ಬಂದಿತು. ಇಪ್ಪತ್ತು ಗಂಟೆಗಳ ಕಾಲ ಕೊಟ್ಟುದನ್ನು ಓದಬೇಕು. ಆ ಓದಿನಿಂದ ಯಂತ್ರವು ಅವಳ ದನಿಯಲ್ಲಿ ನುಡಿಯಲು ಕಲಿಯುತ್ತದೆ. ಮುಂದೆ ಯಾವ ಮಾತನ್ನಾದರೂ, ಯಾವ ಕಾರ್ಯಕ್ಕಾದರೂ, ಯಾವ ಕಾಲದವರೆಗಾದರೂ ನುಡಿಯಬಹುದು. ಪ್ರತಿಫಲವು ಅವಳ ಒಂದು ವರ್ಷದ ಸಂಪಾದನೆಗಿಂತ ಹೆಚ್ಚಿನದು. ಸಾಲ ತೀರುವುದಲ್ಲದೆ ಊರಿನ ಮನೆಗೆ ಹೊಸ ಮಾಡು ಹೊದಿಸಬಹುದಾಗಿತ್ತು. ಮೇಷ್ಟ್ರು ಕನ್ನಡಕವನ್ನು ಏರಿಸಿ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. "ಇದರಲ್ಲಿ ಉಸಿರು ತೆಗೆದುಕೊಳ್ಳೋದಕ್ಕೆ ಜಾಗವೇ ಇಲ್ಲವಲ್ಲಮ್ಮ" ಎಂದು ಮಾತ್ರ ಹೇಳಿ ಮಡಿಸಿ ಕೊಟ್ಟರು.

ಅವಳು ಎರಡು ರಾತ್ರಿ ನಿದ್ರೆಗೆಟ್ಟಳು. ಹಣ ಬೇಡವೆನ್ನುವ ಸ್ಥಿತಿ ಅವಳದಾಗಿರಲಿಲ್ಲ. ಸಾಬೂನಿನ ಹಳ್ಳಿಯವಳನ್ನು ಅವಳು ಬೇಡವೆಂದಿದ್ದಳು. ಈ ಕಾಗದಕ್ಕೆ ಸಹಿ ಮಾಡಿದರೆ ಆ ಹಳ್ಳಿಯವಳನ್ನು ನಾಳೆ ಅವಳ ದನಿಯಲ್ಲಿಯೇ ಆಡಿಸಬಹುದು, ಅವಳನ್ನು ಕೇಳಬೇಕಾದುದೂ ಇಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಹೊರಗೆ ಬರುವ ಹಕ್ಕು, ಆ ಒಂದೇ ಒಂದು ಹಕ್ಕು, ಮಾರಾಟಕ್ಕೆ ಹೋಗುತ್ತಿತ್ತು. ಮೂರನೆಯ ದಿನ ಅವಳು ಮೂರು ವಿಷಯಗಳನ್ನು ಬರೆದು ಕಳುಹಿಸಿದಳು: ಕಾಲಕ್ಕೆ ಒಂದು ಮಿತಿಯಿರಬೇಕು, ಯಾವ ಯಾವ ಕಾರ್ಯಕ್ಕೆಂಬುದನ್ನು ಹೆಸರಿಸಬೇಕು, ಅವಳು ಓದದ ಮಾತನ್ನು ಅವಳಿಂದ ನುಡಿಸುವ ಮುನ್ನ ಅವಳಿಗೆ ತೋರಿಸಬೇಕು. ಇದಕ್ಕೆ ಉತ್ತರ ಬರಲಿಲ್ಲ. ಊರಿನ ಮಾಡು ಆ ವರ್ಷವೂ ಸೋರಿತು.

ಅವಳು ಮಾಡಿದುದು ಸರಿಯೇ ಎಂದು ವಿವೇಕಿಗಳು ವಾದಿಸಬಹುದು. ಅವಳು ಬಿಟ್ಟ ಸ್ಥಾನದಲ್ಲಿ ಮತ್ತೊಬ್ಬಳು ಕುಳಿತಿರುತ್ತಾಳೆ. ಯಂತ್ರವು ನುಡಿಯದೆ ಉಳಿಯುವುದಿಲ್ಲ. ಮನೆಯಲ್ಲಿ ಹಸಿವಿದ್ದವರು ಸಹಿ ಹಾಕಿದರೆ ಅವರನ್ನು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಈ ದಾರಿಗೆ ಹೊಸದಾಗಿ ಬರುವವರು ಮೈಕಿನ ಬೆಲೆಯನ್ನು ವಿಚಾರಿಸುವುದಕ್ಕಿಂತ ಮುಂಚೆ ಒಂದು ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳುವುದು ಒಳ್ಳೆಯದು: ಈ ದನಿ ಯಾರದು? ಕಂಠ ಒಬ್ಬರದಿರಬಹುದು. ಅದರೊಳಗಿನ ಏರಿಳಿತ, ನಿಲುಗಡೆ, ಎಳೆತಗಳು ತೊಟ್ಟಿಲ ಬಳಿ ಮಾತನಾಡಿದವರಿಂದ, ಗದ್ದೆಯ ಬದುವಿನ ಮೇಲೆ ಕೂಗಿ ಕರೆದವರಿಂದ, ಶಾಲೆಯಲ್ಲಿ ತಿದ್ದಿದವರಿಂದ ಬಂದುವು. ಎರವಾಗಿ ಬಂದುದನ್ನು ಎರವಾಗಿಯೇ ಕೊಡಬಹುದು. ಇಷ್ಟು ದಿನಕ್ಕೆ, ಇಂಥ ಮಾತಿಗೆ, ಹಿಂದಿರುಗಿ ಬರುವಂತೆ. ಹಿಂದಿರುಗದಂತೆ ಕೊಡುವುದಕ್ಕೆ ಅದು ಪೂರ್ತಿಯಾಗಿ ತಮ್ಮದೊಬ್ಬರದೇ ಎಂದು ಯಾರು ಹೇಳಿಯಾರು?

ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣವನ್ನು ಕನ್ನಡದಲ್ಲಿ ಹೇಳುತ್ತಿದ್ದ ದನಿಯು ನಿರೂಪಕಿ ಅಪರ್ಣಾ ಅವರದು. 2024ರ ಜುಲೈ 11ರಂದು ಅವರು ತೀರಿಕೊಂಡರು. ಆ ಸುದ್ದಿ ಬಂದ ಮೇಲೂ ಅವರ ದನಿಯು ಬಂಡಿಗಳಲ್ಲಿ ಊರ ಹೆಸರುಗಳನ್ನು ಹೇಳುತ್ತಿತ್ತು. ದಿನವೂ ಕೇಳುತ್ತ ಗಮನಿಸದಿದ್ದವರು ಆಗ ತಲೆಯೆತ್ತಿ ಕೇಳಿದರು. ಬಾಗಿಲು ಯಾವ ಕಡೆ ತೆರೆಯುವುದೆಂದು ಹೇಳುವಷ್ಟು ಸಣ್ಣ ಮಾತಿನಲ್ಲಿ ಕೂಡ ಒಬ್ಬ ಹೆಂಗಸು ತನ್ನ ನಾಡಿನ ನುಡಿಯನ್ನು ಎಷ್ಟು ಗೌರವದಿಂದ ನುಡಿದಿದ್ದಳೆಂಬುದು ಅವರಿಗೆ ಅಂದು ಕೇಳಿಸಿತು. ದನಿಯ ಕೆಲಸಕ್ಕೆ ತೊಡಗುವವರು ಆಶಿಸಬಹುದಾದುದು ಇದಕ್ಕಿಂತ ಹೆಚ್ಚಿನದೇನೂ ಇಲ್ಲ; ಇದು ಕಡಮೆಯೂ ಅಲ್ಲ.